ಶೈಲಾಳ ಎತ್ತರದ ಬಾಗಿಲು

ನೆರಳು ವರ್ಷ ೨೩೧, ಎರಡನೆಯ ಬೇಸಿಗೆ, ಹತ್ತೊಂಬತ್ತನೆಯ ದಿನ
ಕೆಂಪುಗುಂಡಿ

ಇಪ್ಪತ್ತೊಂದನೆಯ ಶತಮಾನದಲ್ಲಿ ಮನೆ ಕಟ್ಟುತ್ತಿರುವವರಿಗೆ ಮತ್ತು ಕಟ್ಟುವುದನ್ನು ಕಲಿಸುತ್ತಿರುವವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಮ್ಮ ಹಿರಿಯರು ಬಿಸಿಲು ತಾಳಲಾರದೆ ಪಾಳುಬಿದ್ದ ಕಲ್ಲಿನ ಖಣಿಗಳೊಳಗೆ ಇಳಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಅದಕ್ಕೇ ನೆರಳು ವರ್ಷ ಎಂಬ ಹೆಸರು. ಒಂದು ವರ್ಷದಲ್ಲಿ ಎರಡು ಬೇಸಿಗೆ, ನಡುವೆ ನಲವತ್ತು ದಿನದ ಗಾಳಿ, ಅಷ್ಟೆ. ನಿಮ್ಮ ಲೆಕ್ಕದಲ್ಲಿ ಇದು ೨೩೯೦ರ ಆಸುಪಾಸು ಇರಬಹುದು. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಹನ್ನೆರಡು ದಿನಗಳ ಹಿಂದೆ ಒಂದು ಗೋಡೆಯ ಮೇಲೆ ಓದಿದ ಏಳು ಸಾಲುಗಳಿಂದಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಹೆಸರು ಚಂಪವ್ವ ಹಾದಿಮನಿ. ಕೆಂಪುಗುಂಡಿಯ ಕಟ್ಟೋಣ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕಟ್ಟಡಗಳ ಇತಿಹಾಸ ಮತ್ತು ಸಿದ್ಧಾಂತ ಪಾಠ ಹೇಳುತ್ತಿದ್ದೇನೆ. ನಮ್ಮದು ನೀವು ಕೆಂಪು ಗ್ರಾನೈಟು ತೆಗೆದು ಬಿಟ್ಟುಹೋದ ಖಣಿ. ಆ ಆಳದ ನಾಲ್ಕೂ ಗೋಡೆಗಳಿಗೆ ಗೂಡುಗಳಂತೆ ಅಂಟಿಕೊಂಡ ಆರುನೂರು ಮನೆಗಳಿವೆ. ಬೆಳಗಿನ ಎರಡು ತಾಸು ಮಾತ್ರ ಬಿಸಿಲು ತಳಕ್ಕೆ ಬೀಳುತ್ತದೆ. ಆಗ ಹೆಂಗಸರು ಹಪ್ಪಳ, ನೂಲು ಒಣಹಾಕುತ್ತಾರೆ. ಆಮೇಲೆ ಮೇಲೆ ತಾಡಪತ್ರಿ ಎಳೆದರೆ ಸಂಜೆಯವರೆಗೂ ಊರೆಲ್ಲ ಕಂದು ನೆರಳು. ಪ್ರತಿ ಮನೆಯ ಬಾಗಿಲೂ ಒಂದೇ ಎತ್ತರ, ನಾಲ್ಕೂಕಾಲು ಅಡಿ. ಸೂರು ಅದಕ್ಕಿಂತ ಒಂದಡಿ ಮೇಲೆ. ಈ ಎಲ್ಲ ಅಳತೆ ಹುಟ್ಟುವುದು ಮೂಲಗೋಲಿನಿಂದ. ಅದೊಂದು ಉಕ್ಕಿನ ಸರಳು. ಅದನ್ನು ಕಾಯುವುದಕ್ಕೆಂದೇ ಊರಿನಲ್ಲಿ ಅಳತೆಯ ಅಯ್ಯನವರು ಎಂಬ ಹಿರಿಯರಿರುತ್ತಾರೆ. ಅದರ ಮಡಚುವ ನಕಲು ಮನೆ ಕಟ್ಟುವ ಪ್ರತಿಯೊಬ್ಬ ಗವಂಡಿಯ ಸೊಂಟದಲ್ಲಿರುತ್ತದೆ. ಬಾಗಿಲು ಒಂದು ಗೋಲು, ಕೋಣೆ ಎರಡು ಗೋಲು ಅಗಲ, ಮೂರು ಗೋಲು ಉದ್ದ. ನಲವತ್ತು ಗುಂಡಿಯೂರುಗಳಲ್ಲಿ ಎಲ್ಲಿಗೆ ಹೋದರೂ ಹೀಗೇ.

ಹೀಗಾಗಿ ನಾವು ಬಗ್ಗಿ ಬದುಕುವ ಜನ. ಒಲೆಯ ಮುಂದೆ ಬಗ್ಗುತ್ತೇವೆ, ಹಾಸಿಗೆ ಮಡಚಿಡುವಾಗ ಬಗ್ಗುತ್ತೇವೆ, ನೆಂಟರು ಬಂದರೆ ಅವರೂ ನಾವೂ ಬಗ್ಗಿಯೇ ಒಬ್ಬರನ್ನೊಬ್ಬರು ನೋಡಿ ನಗುತ್ತೇವೆ. ಐವತ್ತು ದಾಟಿದವರ ಬೆನ್ನು ನೆಟ್ಟಗಾಗುವುದೇ ಇಲ್ಲ. ಅದಕ್ಕೆ 'ತುಂಬಿದ ಬೆನ್ನು' ಎನ್ನುತ್ತೇವೆ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಅಜ್ಜಿಗೆ ತುಂಬಿದ ಬೆನ್ನಿದೆ ಎಂದರೆ ಮನೆತನಕ್ಕೆ ಗೌರವ. ಇದಕ್ಕೊಂದು ಸಿದ್ಧಾಂತವೂ ಇದೆ. ತಲೆಯೆತ್ತಿ ನಿಂತ ಮನುಷ್ಯ ಭೂಮಿಯನ್ನು ಸುಟ್ಟ. ಮೊದಲ ಕಟ್ಟುಗರು ಅದನ್ನು ಕಂಡು, ನಲವತ್ತು ದಿನ ಚಿಂತಿಸಿ, ಮನುಷ್ಯ ತನ್ನ ಮನೆಗೆ ತಾನೇ ತಲೆಬಾಗುವಂಥ ಅಳತೆಯನ್ನು ಕಂಡುಹಿಡಿದರು. ನಮ್ರತೆಯ ಸಿದ್ಧಾಂತ ಎಂದು ಇದರ ಹೆಸರು. ಇತಿಹಾಸವನ್ನೂ ನಾವು ಅದಕ್ಕೆ ತಕ್ಕಂತೆಯೇ ಜೋಡಿಸಿಕೊಂಡಿದ್ದೆವು. ಐಹೊಳೆಯ ಗುಡಿಗಳ ಪಾಠದಲ್ಲಿ ಗರ್ಭಗುಡಿಯ ತಗ್ಗು ಬಾಗಿಲಿನ ಚಿತ್ರ ತೋರಿಸುತ್ತಿದ್ದೆ. ವಿಜಯಪುರದ ಗುಮ್ಮಟ ಬಂದರೆ ಅಹಂಕಾರ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ನಿಮ್ಮ ಗಾಜಿನ ಗೋಪುರಗಳು ಪಾಪದ ತುದಿ. ಅದೇ ಗುಡಿಯ ಮಂಟಪದಲ್ಲಿ ಉದ್ದದ ಆಳು ಕೈಯೆತ್ತಿ ನಿಂತರೂ ಸೂರು ಎಟಕುತ್ತಿರಲಿಲ್ಲ ಎಂಬ ಚಿತ್ರವೂ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ನಾನು ಯಾರಿಗೂ ತೋರಿಸಲಿಲ್ಲ. ಬಚ್ಚಿಡಬೇಕೆಂದಲ್ಲ. ಪಾಠಕ್ಕೆ ಅದು ಹೊಂದುತ್ತಿರಲಿಲ್ಲ.

ಮೂರು ವರ್ಷಗಳ ಹಿಂದೆ ಮಗ್ಗದ ಮನೆಯ ನೇಕಾರರು ಊರ ಪಂಚರಿಗೆ ಒಂದು ಅರ್ಜಿ ಕೊಟ್ಟರು. ನಲವತ್ತು ಜನ ದುಡಿಯುವ ಜಾಗಕ್ಕೆ ಒಂದೇ ಬಾಗಿಲು, ಅದೂ ಒಂದು ಗೋಲು. ಸ್ವಲ್ಪ ಎತ್ತರಿಸಿ ಕೊಡಿ ಎಂದು ಕೇಳಿದ್ದರು. ಅರ್ಜಿ ಹಿಡಿದು ಬಂದವಳು ಕಾಶೀಬಾಯಿ ಎಂಬ ನೇಕಾರಳು. ಪಂಚರು ಇತಿಹಾಸ ಬಲ್ಲವಳೆಂದು ನನ್ನ ಅಭಿಪ್ರಾಯ ಕೇಳಿದರು. ನಾನು ನಾಲ್ಕು ಪುಟ ಬರೆದುಕೊಟ್ಟೆ. ಮೂಲಗೋಲು ಮೀರಿದ ಬಾಗಿಲು ಕಟ್ಟಡವಲ್ಲ, ಅದು ಮರೆವು ಎಂದು ಬರೆದಿದ್ದೆ. ಆ ವಾಕ್ಯ ಆಗ ನನಗೇ ಬಹಳ ಹಿಡಿಸಿತ್ತು. ಅರ್ಜಿ ಬಿದ್ದುಹೋಯಿತು. ಹೋದ ಬೇಸಿಗೆಯಲ್ಲಿ ಮಗ್ಗದ ಮನೆಗೆ ಬೆಂಕಿ ಬಿತ್ತು. ಬಗ್ಗಿ ಓಡುವುದು ಎಷ್ಟು ನಿಧಾನ ಎಂದು ಅಲ್ಲಿಯವರೆಗೆ ನಾವು ಯೋಚಿಸಿರಲಿಲ್ಲ. ಒಂಬತ್ತು ಜನ ಬಾಗಿಲಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ಸತ್ತರು. ಅವರಲ್ಲಿ ಒಬ್ಬಳು ಕಾಶೀಬಾಯಿಯ ಮಗಳು ರುಕ್ಕು. ನಾನು ಮಣ್ಣು ಕೊಡಲು ಹೋಗಿದ್ದೆ, ಅತ್ತಿದ್ದೆ, ಮರುವಾರ ಶಾಲೆಗೆ ಹೋಗಿ ಅದೇ ಪಾಠ ಹೇಳಿದ್ದೆ.

ಈ ಬೇಸಿಗೆಯ ಮೊದಲಲ್ಲಿ ನಮ್ಮ ಊರಿನ 'ಮೊದಲ ಮನೆ' ಒಂದು ಬದಿಯಲ್ಲಿ ಕುಸಿಯತೊಡಗಿತು. ಗುಂಡಿಗೆ ಇಳಿದವರು ಮೊಟ್ಟಮೊದಲು ಕಟ್ಟಿದ್ದು ಅದು; ಮೂಲಗೋಲು ಹುಟ್ಟಿದ್ದೂ ಅದರ ಬಾಗಿಲಿನಿಂದಲೇ. ವರ್ಷಕ್ಕೊಮ್ಮೆ ಹೂವು ಇಟ್ಟು ಕೈಮುಗಿಯುತ್ತೇವೆ. ರಿಪೇರಿಗೆ ಗವಂಡಿ ಮೌಲಾಸಾಬರನ್ನು ಕರೆಸಿದೆವು. ನಾನು ಟಿಪ್ಪಣಿ ಬರೆದುಕೊಳ್ಳಲು ಜೊತೆಗೆ ಕುಳಿತಿದ್ದೆ. ಒಳಗೋಡೆಗೆ ಮೆತ್ತಿದ್ದ ಗಿಲಾವು ಕೆರೆಯುತ್ತಿದ್ದ ಮೌಲಾಸಾಬರು ತಟ್ಟನೆ ಕರಣೆ ಕೆಳಗಿಟ್ಟರು.

"ಅಕ್ಕಾರ, ಇಲ್ಲೆ ಬರ್ರಿ. ಏನೋ ಬರದಾರ."

ಗೋಡೆಯ ಮೇಲೆ ಇದ್ದಿಲಿನ ಗೆರೆಗಳು. ತೊಡೆಯ ಎತ್ತರದಿಂದ ಶುರುವಾಗಿ ಒಂದರ ಮೇಲೊಂದು ಹದಿನಾಲ್ಕು. ಪ್ರತಿಯೊಂದರ ಪಕ್ಕ ಒಂದು ಹೆಸರು, ವಯಸ್ಸು. ಎಲ್ಲಕ್ಕಿಂತ ಮೇಲಿನ ಗೆರೆಯ ಪಕ್ಕ 'ಶೈಲಾ, ಒಂಬತ್ತು' ಎಂದಿತ್ತು. ಅದರ ಕೆಳಗೆ ಆ ಏಳು ಸಾಲುಗಳು. ಇದ್ದಂತೆಯೇ ಬರೆಯುತ್ತೇನೆ:

ಇದು ಮಕ್ಕಳಿಗೆ ಮಾತ್ರ.
ಚಪ್ಪಡಿ ಇಷ್ಟೇ ಸಿಕ್ಕಿದ್ದು.
ಸಣ್ಣ ಕೋಣೆ ಬೇಗ ತಂಪಾಗುತ್ತೆ.
ಶೈಲಾ ಬಗ್ಗದೆ ಒಳಗೆ ಹೋದರೆ ಸಾಕು.
ನಾವು ಹೊರಗೆ ತಾಡಪತ್ರಿ ಕೆಳಗೆ ಇರ್ತೀವಿ.
ಮಳೆ ಬಂದ ಮೇಲೆ ಒಡೆದು ದೊಡ್ಡದು ಕಟ್ಟಬೇಕು.
ಇದು ಟೆಂಪರವರಿ.

ಮೌಲಾಸಾಬರು ಸೊಂಟದಿಂದ ತಮ್ಮ ಗೋಲು ಬಿಚ್ಚಿ ನೆಲದಿಂದ ಶೈಲಾಳ ಗೆರೆಗೆ ಹಿಡಿದರು. ಗೋಲಿನ ತುದಿ ಗೆರೆಗಿಂತ ಒಂದು ಬೆರಳು ಮೇಲಿತ್ತು. ಮಗುವಿನ ತಲೆಗೆ ಬಡಿಯದಿರಲಿ ಎಂದು ಯಾರೋ ಬಿಟ್ಟ ಒಂದು ಬೆರಳು.

"ಇದು ಹುಡುಗರ ಮನಿ ಅದರಿ, ಅಕ್ಕಾರ," ಎಂದರು ಅವರು. "ನಮ್ಮಪ್ಪ, ನಮ್ಮ ಮುತ್ಯಾ, ನಾ, ಎಲ್ಲಾರೂ ಇದನ್ನ ಕಟಗೋತ ಬಂದ್ವಿ."

ಕೊನೆಯ ಸಾಲಿನ ಶಬ್ದ ನನಗೆ ತಿಳಿದಿರಲಿಲ್ಲ. ನಮ್ಮ ಭಾಷೆಯಲ್ಲಿ ಅದು ಉಳಿದಿಲ್ಲ. ಶಾಲೆಗೆ ಹೋಗಿ ಹಳೆಯ ನಿಘಂಟು ತೆಗೆದೆ. 'ಸ್ವಲ್ಪ ಕಾಲದ ಮಟ್ಟಿಗೆ' ಎಂದಿತ್ತು. ಪುಸ್ತಕ ಮುಚ್ಚಿ ಮತ್ತೆ ತೆರೆದು ನೋಡಿದೆ. ಹಾಗೆಯೇ ಇತ್ತು. ಆಮೇಲಿನದನ್ನು ಊಹಿಸುವುದು ಕಷ್ಟವಾಗಲಿಲ್ಲ. ಹೊರಗಿದ್ದ ದೊಡ್ಡವರು ಮಳೆಯ ತನಕ ಉಳಿಯಲಿಲ್ಲ. ಹದಿನಾಲ್ಕು ಮಕ್ಕಳು ದೊಡ್ಡವರಾದರು. ಅವರು ಕಂಡಿದ್ದ ಮನೆ ಇದೊಂದೇ. ತಮ್ಮ ಮಕ್ಕಳಿಗೆ ಅಂಥದ್ದನ್ನೇ ಕಟ್ಟಿಕೊಟ್ಟರು. ಬೆನ್ನು ನೋಯತೊಡಗಿದಾಗ ನೋವಿಗೊಂದು ಕಾರಣ ಬೇಕಾಯಿತು. ಆ ಕಾರಣವನ್ನೇ ನಾನು ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ.

ಅಳತೆಯ ಅಯ್ಯನವರಾದ ವೀರಭದ್ರಯ್ಯನವರನ್ನು ಕರೆತಂದು ತೋರಿಸಿದೆ. ಅವರು ಎರಡು ಸಲ ಓದಿದರು.

"ಗಿಲಾವು ಮಾಡಿ ಮುಚ್ಚಿಬಿಡ್ರಿ," ಎಂದರು ಕೊನೆಗೆ. "ನಮ್ಮವ್ವ ಸಾಯೂ ತನಕ ನೆಲಾ ನೋಡಕೋತ ಅಡ್ಡಾಡಿದ್ಲು, ಚಂಪವ್ವ. ಅದನ್ನ ಪುಣ್ಯ ಅಂತ ತಿಳಿದಿದ್ಲು. ಈಗ ಆಕಿಗೆ ನಾ ಏನಂತ ಹೇಳ್ಲಿ?"

ಅವರಿಗೆ ಕೈಮುಗಿದು ಅಲ್ಲಿಂದ ನೇರವಾಗಿ ಕಾಶೀಬಾಯಿಯ ಮನೆಗೆ ಹೋದೆ. ಆಕೆ ನೂಲು ಸುತ್ತುತ್ತಿದ್ದಳು. ಎಲ್ಲವನ್ನೂ ಹೇಳಿದೆ. ನನಗೆ ಗೊತ್ತಿರಲಿಲ್ಲ ತಾಯಿ, ಯಾರಿಗೂ ಗೊತ್ತಿರಲಿಲ್ಲ ಎಂದೆ. ಆಕೆ ಕೈಕೆಲಸ ನಿಲ್ಲಿಸದೆ ಕೇಳಿಸಿಕೊಂಡಳು.

"ಗ್ವಾಡಿ ಮ್ಯಾಲೆ ಬರದದ್ದು ನಿಮಗ ಗೊತ್ತಿರಲಿಲ್ಲ, ಖರೆ," ಎಂದಳು. "ಆದ್ರ ಬಾಗಲಾ ಸಣ್ಣದೈತಿ ಅಂತ ನಾ ಬಂದು ಹೇಳಿದ್ನಲ್ರಿ. ಅದು ನಿಮಗ ಕೇಳಿಸಿತ್ತು."

ನಾನು ನಿಂತೇ ಇದ್ದೆ, ಅವಳ ತಗ್ಗು ಸೂರಿನಡಿ ಕುತ್ತಿಗೆ ಬಗ್ಗಿಸಿಕೊಂಡು.

ಮೂರನೆಯ ದಿನ ಬಿಸಿಲು ತಳಕ್ಕೆ ಬಿದ್ದ ಹೊತ್ತಿನಲ್ಲಿ ಊರ ಸಭೆ ಸೇರಿತು. ಆ ಏಳು ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಆಮೇಲೆ ನನ್ನ ನಾಲ್ಕು ಪುಟಗಳನ್ನೂ ಓದಿದೆ. ಕೆಲವರು ಎದ್ದುಹೋದರು. ಒಬ್ಬ ಮುದುಕ ಗೋಡೆಯ ಬರಹ ನಾನೇ ಬರೆಸಿದ್ದೆಂದು ಕೂಗಾಡಿದ. ವೀರಭದ್ರಯ್ಯನವರು ಎದ್ದು, "ಖರೆ ಐತಿ. ನಾ ಕಣ್ಣಾರೆ ನೋಡೇನಿ," ಎಂದಷ್ಟೇ ಹೇಳಿ ಕುಳಿತರು. ಕಡೆಗೆ ಪಂಚರು ಒಂದೇ ಒಂದು ಬಾಗಿಲಿಗೆ ಒಪ್ಪಿದರು. ಅದು ಮಗ್ಗದ ಮನೆಯದು; ಬೆಂಕಿಗೆ ಬಿದ್ದ ಸೂರಿನ ಬದಲು ಅಲ್ಲಿ ಎತ್ತರಕ್ಕೆ ತಾಡಪತ್ರಿ ಕಟ್ಟಿತ್ತು. ಮೌಲಾಸಾಬರು ಐದು ದಿನ ಹಿಡಿದು ಕಲ್ಲು ಕೊರೆದರು. ಎಷ್ಟು ಎತ್ತರ ಎಂದು ಕೇಳಿದ್ದಕ್ಕೆ ಅವರಲ್ಲಿ ಅಳತೆ ಇರಲಿಲ್ಲ. ನೇಕಾರರಲ್ಲಿ ಉದ್ದದವನನ್ನು ಕರೆದು ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದಿಂದ ಗೆರೆ ಎಳೆದರು. ಅದರ ಮೇಲೆ ಅವರೂ ಒಂದು ಬೆರಳು ಬಿಟ್ಟರು.

ನಿನ್ನೆ ಬೆಳಿಗ್ಗೆ ನೇಕಾರರು ಒಳಗೆ ಹೋದರು. ಎಲ್ಲರೂ ಬಗ್ಗಿಯೇ ಹೋದರು. ಆರೂವರೆ ಅಡಿಯ ಬಾಗಿಲಲ್ಲಿ ಒಬ್ಬರಾದ ಮೇಲೊಬ್ಬರು ತಲೆ ತಗ್ಗಿಸಿ ನುಗ್ಗುವುದನ್ನು ನೋಡುತ್ತ ಮೌಲಾಸಾಬರು ಮುಖ ತಿರುಗಿಸಿಕೊಂಡರು. ಕಾಶೀಬಾಯಿಯೂ ಬಗ್ಗಿದಳು. ಒಳಗೆ ಹೋದ ಮೇಲೆ ಗೊತ್ತಾಗಿ, ಸಿಟ್ಟಿನಿಂದ ಹೊರಗೆ ಬಂದಳು. ಮತ್ತೆ ಹೋದಳು, ಮತ್ತೆ ಬಗ್ಗಿದಳು. ನಾಲ್ಕನೆಯ ಸಲ ಎರಡೂ ಕೈಯಿಂದ ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ ದಾಟಿದಳು. ದಾಟಿದವಳು ಅಲ್ಲೇ ನಿಂತು ಮಗಳ ಹೆಸರು ಹಿಡಿದು ಕೂಗಿ ಅತ್ತಳು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೀವು ಕಟ್ಟುವಾಗ ಏನು ಸಾಲದೆ ಹೋಯಿತು, ಯಾರಿಗಾಗಿ ಕಟ್ಟಿದಿರಿ, ಯಾವುದನ್ನು ಆಮೇಲೆ ಒಡೆಯಬೇಕೆಂದುಕೊಂಡಿದ್ದಿರಿ ಎಂಬುದನ್ನು ಗಿಲಾವಿನ ಹಿಂದೆ ಅಲ್ಲ, ಎಲ್ಲರಿಗೂ ಕಾಣುವಲ್ಲಿ ಬರೆದಿಡಿ. ನಿಮ್ಮ ಶಾಲೆಗಳಲ್ಲಿ ನನ್ನಂಥವರು ಕಂಬಕ್ಕೂ ಕಮಾನಿಗೂ ಅರ್ಥ ಹೇಳುತ್ತಿರುತ್ತಾರೆ. ಅವರನ್ನು ಒಂದು ದಿನ ಆ ಕಟ್ಟಡದಲ್ಲಿ ಕಸ ಗುಡಿಸುವವರ, ಅಡಿಗೆ ಮಾಡುವವರ ಜೊತೆ ಕೂರಿಸಿ. ಅವರ ಗೊಣಗಾಟ ಮೊದಲು ಕೇಳಿಸಲಿ, ಅರ್ಥ ಆಮೇಲೆ ಬರಲಿ.

ನಾಳೆ ನನಗೆ ಪಾಠವಿದೆ. ಮೂವತ್ತೆರಡು ವಿದ್ಯಾರ್ಥಿಗಳು. ಅವರ ಪುಸ್ತಕದ ಮೊದಲ ಅಧ್ಯಾಯ ಬರೆದವಳು ನಾನೇ. ಏನು ಹೇಳಬೇಕೆಂದು ಇನ್ನೂ ತೋಚಿಲ್ಲ. ಕಾಶೀಬಾಯಿಯನ್ನು ಕೇಳಿದ್ದೇನೆ, ಬಂದು ಮುಂದಿನ ಸಾಲಿನಲ್ಲಿ ಕೂರುತ್ತೀಯಾ ಎಂದು. ಅವಳಿನ್ನೂ ಬರುತ್ತೇನೆ ಎಂದಿಲ್ಲ.

ಬಿಸಿಲು ನಿಮ್ಮ ಮೇಲೆ ಹದವಾಗಿರಲಿ.

ಚಂಪವ್ವ ಹಾದಿಮನಿ