ಸತ್ತ ಹಂದಿಗಳಿಗೂ ಒಂದು ಎಲೆ

ಬೈಂದೂರಿನಿಂದ ಬ್ರಹ್ಮಾವರದವರೆಗೆ ನೆರೆದಿರುವ ಮಹಾಜನರೇ, ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳುತ್ತೇನೆ. ನನ್ನ ಗಂಟಲು ಮೈಕಿಲ್ಲದ ಕಾಲದ್ದು. ಆದರೆ ಮಾತು ನಿಮಗಲ್ಲ. ಅಪಘಾತದ ಗಾಯಗಳನ್ನು ಪ್ರಾಣಿಗಳ ಮೇಲೆ ಅಧ್ಯಯನ ಮಾಡುವ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ. ನೀವು ಸಾಕ್ಷಿಗಳು.

ಮಾನ್ಯರೇ, ನನ್ನ ದೂರು ಇಷ್ಟೇ. ತಾವು ಹಂದಿಗಳನ್ನು ಕೊಂದಿರಿ, ಆಮೇಲೆ ಅವು ಸತ್ತದ್ದನ್ನು ಮುಚ್ಚಿಟ್ಟಿರಿ. ಮೊದಲನೆಯದನ್ನು ವಿಜ್ಞಾನವೆಂದು ಒಪ್ಪಿಕೊಂಡೇನು. ಎರಡನೆಯದಕ್ಕೆ ಏನೆಂದು ಹೆಸರಿಡಲಿ?

ನಮ್ಮ ನಾಟಕ ಮಂಡಳಿಯ ಹಾರ್ಮೋನಿಯಂ ಚಂದ್ರನನ್ನು ತಾವು ಬಲ್ಲಿರಿ ಎನ್ನಲಾರೆ. ರಂಗದ ಮೇಲೆ ನಾನೆಷ್ಟು ಗರ್ಜಿಸಿದರೂ ಶ್ರುತಿ ತಪ್ಪದಂತೆ ಹಿಡಿದು ನಿಲ್ಲಿಸುತ್ತಿದ್ದವನು ಅವನು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಸಾಸ್ತಾನದ ಹತ್ತಿರ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು. ತೊಡೆ, ಪಕ್ಕೆಲುಬು, ತೋಳು, ಎಲ್ಲೆಲ್ಲೂ ಪೆಟ್ಟು. ಓಡಿಬಂದವರು ಒಳ್ಳೆಯವರೇ. ಯಾರೋ ಆಂಬುಲೆನ್ಸ್ ಕರೆಯಹೊರಟಾಗ ಕೃಷ್ಣಯ್ಯ ಎಂಬ ಹಿರಿಯರು ತಡೆದರಂತೆ: "ಹ್ವಾಯ್, ಮಲ್ಗ್ಸ್‌ಬೇಡಿ ಮಾರಾಯ್ರೆ. ಜೀವ ಇಪ್ಪೋರನ್ನ ಹೆಣದಂಗೆ ಮಲ್ಗ್ಸ್ಕಂಡ್ ಹೋಪುದಾ? ಕೂರ್ಸ್ಕಂಡ್ ಹೋಪ."

ಹೀಗೆ, ಬರೀ ಪ್ರೀತಿಯಿಂದ, ಆಟೋದಲ್ಲಿ ಇಬ್ಬರ ನಡುವೆ ಕೂರಿಸಿ ಮೊದಲು ಎಲುಬು ಕಟ್ಟುವವರಲ್ಲಿಗೆ, ಅಲ್ಲಿಂದ ಕ್ಲಿನಿಕ್ಕಿಗೆ, ಕೊನೆಗೆ, ತಾಸುಗಟ್ಟಲೆ ತಡವಾಗಿ, ದೊಡ್ಡಾಸ್ಪತ್ರೆಗೆ. ಅಲ್ಲಿ ತೊಡೆಗೆ ರಾಡು ಹಾಕಿದರು, ಚೆನ್ನಾಗಿಯೇ ಹಾಕಿದರು. ಆದರೆ ಪೆಟ್ಟೇ ಬೀಳದ ಕಿಡ್ನಿ ನಿಂತಿತು. ಹಿಂದೆಯೇ ಲಿವರ್, ಆಮೇಲೆ ಶ್ವಾಸಕೋಶ. ಪಾತ್ರಧಾರಿಗಳು ಒಬ್ಬೊಬ್ಬರಾಗಿ ರಂಗದಿಂದ ಇಳಿದುಹೋದಂತೆ. "ಹಲವು ಕಡೆ ಗಾಯವಾದಾಗ ದೂರದ ಅಂಗವೂ ಸೋಲುತ್ತದೆ, ಯಾಕೆಂದು ಪೂರ್ತಿ ತಿಳಿದಿಲ್ಲ" ಎಂದರು ವೈದ್ಯರು. ಚಂದ್ರನೂ ಹೋದ.

ಕೆಲವು ತಿಂಗಳ ಮೇಲೆ ಬ್ರಹ್ಮಾವರದ ಜಾಗೃತಿ ಸಭೆಗೆ ತಾವು ದಯಮಾಡಿಸಿದಿರಿ. ಪರದೆಯ ಮೇಲೆ ಅರಿವಳಿಕೆ ಕೊಟ್ಟ ಹಂದಿಗಳು. ತೊಡೆಗೂ ಎದೆಗೂ ಗಾಯ ಮಾಡಿ, ರಕ್ತ ಹರಿಸಿ, ಕೂಡಲೇ ಔಷಧ ಕೊಟ್ಟಿರಿ; ಅಂಗಗಳು ಉಳಿದವು. ಸಭೆ ಚಪ್ಪಾಳೆ ತಟ್ಟಿತು. ಔಷಧ ತಡಮಾಡಿ ಕೊಟ್ಟ ಇನ್ನೊಂದು ಗುಂಪೂ ಇತ್ತಲ್ಲ, ಅದೇನಾಯಿತು ಎಂದು ಯಾರೋ ಕೇಳಿದರು. "ಅವು ಉಳಿಯಲಿಲ್ಲ. ಹಾಗಾಗಿ ಪ್ರಕಟಿಸುವಂಥದ್ದೇನೂ ಇಲ್ಲ" ಎಂದಿರಿ.

ಆಗ ಎದ್ದು ನಿಂತವಳು ಚಂದ್ರನ ಹೆಂಡತಿ ಸುಗುಣ. "ಸರ್, ನಮ್ಮನಿಯವ್ರನ್ನೂ ತಡ ಮಾಡೇ ಕರ್ಕಂಡ್ ಬಂದದ್. ಹಂಗಾರೆ ಆ ಹಂದಿಗಳೇ ಅಲ್ದಾ ನಮ್ಮೋರ್? ಅವು ಹ್ಯಾಂಗ್ ಸತ್ತ್ವು ಅಂದ್ ಬರ್ದಿದ್ರೆ, ಕೂರ್ಸ್ಕಂಡ್ ಹೋಪೋರಿಗೆ ಯಾರಾರೂ ಹೇಳ್ತಿದ್ರ್."

ತಾವು ಗಡಿಯಾರ ನೋಡಿಕೊಂಡಿರಿ.

ಗಾಯವಾದ ಕೂಡಲೇ ಔಷಧ ಸಿಗುವ ಹಂದಿ ಯಾವ ಊರಿನದು ಸ್ವಾಮೀ? ಶಿರೂರಿನ ಹೆದ್ದಾರಿಯಲ್ಲಿ ಬಿದ್ದವನಿಗೆ ಆ ಯೋಗವುಂಟೇ? ನಮ್ಮಂತೆ ತಡವಾಗಿ, ನಮ್ಮಂತೆಯೇ ಸತ್ತ ಪ್ರಾಣಿಗಳು ಮಾತ್ರ ತಮಗೆ ನಿಷ್ಪ್ರಯೋಜಕವಾದವೇ?

ಮೊನ್ನೆ ಚಂದ್ರನ ವರ್ಷಾಂತ. ಹೋದವರಿಗೆ ಎಲೆ ಹಾಕಿ ಬಡಿಸುವಾಗ ಸುಗುಣ ಎರಡು ಎಲೆ ಹಾಕಿದಳು. "ಇದ್ ಯಾರಿಗೆ ಮಗಾ?" ಎಂದರು ಅವಳ ಅತ್ತೆ. "ಇವ್ರಂಗೇ ಸತ್ತ್ವಲ್ಲ ಅತ್ತೆ, ಅವಕ್ಕೆ." ಅತ್ತೆ ಅನ್ನದ ಪಾತ್ರೆ ಎತ್ತಿಕೊಂಡರು. ಎರಡನೆಯ ಎಲೆಗೂ ತಾವೇ ಅನ್ನ ಬಡಿಸಿದರು.

ತಡವಾದಾಗ ಯಾವ ಅಂಗ ಯಾವಾಗ ಸೋತಿತು, ಆ ಹಂದಿಗಳು ಹೇಗೆ ಸತ್ತವು ಎಂಬುದನ್ನು ಆಟೋ ಓಡಿಸುವವರಿಗೂ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಿ. ಆಗದಿದ್ದರೆ ಇನ್ನೊಂದು ಪ್ರಾಣಿಯನ್ನು ಮುಟ್ಟಬೇಡಿ.

ನಾಳೆ ಬೆಳಿಗ್ಗೆ ಬಣ್ಣ ಹಚ್ಚದೆ ತಮ್ಮ ಗೇಟಿನ ಮುಂದೆ ಬರುತ್ತೇನೆ. ಬಾಳೆಲೆ ಹಾಕಿ, ಅನ್ನ ಬಡಿಸಿ, ತಾವು ಹೊರಬರುವ ತನಕ ಪಕ್ಕದಲ್ಲಿ ಕೂರುತ್ತೇನೆ. ಗರ್ಜಿಸುವುದಿಲ್ಲ. ಶ್ರುತಿ ಹಿಡಿಯುವವನು ಈಗ ಇಲ್ಲ.

ಇಂತಿ,
ರಂಗದ ಮೇಲೆ ಎಷ್ಟೋ ಸಲ ಸತ್ತು, ಪರದೆ ಬಿದ್ದೊಡನೆ ಎದ್ದುಬಂದವನು,
ಬಸ್ರೂರಿನ ಯೋಗೀಶ್