ಬೆಳಕು ಸಾಲದು

ಹ್ಯಾಸ್ಲಿಂಗ್‌ಡನ್, ಲ್ಯಾಂಕಷೈರ್
೧೪ ಸೆಪ್ಟೆಂಬರ್ ೧೯೫೨

ಮಗ ಕ್ಲೆಮ್‌ಗೆ ಅಮ್ಮನ ಆಶೀರ್ವಾದಗಳು.

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದೇ ಅಭ್ಯಾಸ. ಈ ಸಲ ಆ ಸಾಲಿಗೆ ಬಂದು ಕೈ ನಿಂತಿತು. ಅಪ್ಪ ಹೋದ ತಂತಿ ಮಲಯಾದ ಕಾಡಿನಲ್ಲಿ ನಿನ್ನ ಕೈ ಸೇರಿತೆಂದು ನಿನ್ನ ಮೇಜರ್ ತಿಳಿಸಿದ್ದಾರೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸಾವಿನ ಮನೆಯಲ್ಲಿ ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ಬಂದವರಿಗೆಲ್ಲ ಟೀ ಕಾಯಿಸಿ ಕಾಯಿಸಿ ಕೆಟಲಿನ ತಳ ಸೀದುಹೋಗಿದೆ.

ಮಣ್ಣು ಮಾಡುವ ಕೆಲಸ ಅಚ್ಚುಕಟ್ಟಾಗಿ ಆಯಿತು. ಕ್ರಿಕೆಟ್ ಕ್ಲಬ್ಬಿನವರೇ ಹೆಗಲು ಕೊಟ್ಟರು. ಮಳೆ ಬರಲಿಲ್ಲ. ಊಟಕ್ಕಿಟ್ಟ ಹಂದಿಮಾಂಸ ಸ್ವಲ್ಪ ಉಪ್ಪಾಗಿತ್ತು, ಆದರೆ ಏನೂ ಉಳಿಯಲಿಲ್ಲ.

ನಿನ್ನ ಹೆಂಡತಿಯ ವಿಷಯ ಬರೆಯಬೇಕು. ಇಟಲಿಯಿಂದ ಮಿಲ್ಲಿಗೆ ಬಂದ ಹುಡುಗಿಯನ್ನು ನೀನು ಮದುವೆಯಾದಾಗ ನಾನು ಮೂಗು ಮುರಿದದ್ದು ನಿನಗೆ ನೆನಪಿದೆ. ಈಗ ಹೇಳುತ್ತೇನೆ, ಅಸ್ಸುಂತಾ ಇಲ್ಲದಿದ್ದರೆ ಈ ಬೇಸಿಗೆ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಅಪ್ಪನನ್ನು ನೋಡಲು ಆಸ್ಪತ್ರೆಗೆ ಮಧ್ಯಾಹ್ನ ನಾನು ಹೋಗುತ್ತಿದ್ದೆ, ಮಿಲ್ಲು ಬಿಟ್ಟ ಮೇಲೆ ಸಂಜೆ ಅವಳು.

ಒಂದು ಸಂಜೆ ಬಸ್ಸಿಳಿದವಳು ರಸ್ತೆಯುದ್ದಕ್ಕೂ ಓಡಿಕೊಂಡು ಬಂದಳು. “ಅಮ್ಮಾ, ಅಮ್ಮಾ! ಅಪ್ಪ ಒಳ್ಳೇ ಇನಿಂಗ್ಸ್ ಆಡಿದ್ದಾರಂತೆ! ಡಾಕ್ಟರ್ ಫಾರೋ ನನ್ನ ಕೈ ಹಿಡಿದು ಹೇಳಿದ್ರು!” ಎಂದಳು. ಮುಖ ಊರಗಲ ಆಗಿತ್ತು. ಪಾಪ, ಅವಳು ಕ್ರಿಕೆಟ್ ಕಂಡಿದ್ದು ನಮ್ಮ ಮೈದಾನದಲ್ಲಿ ಮಾತ್ರ. ಅಲ್ಲಿ ಒಳ್ಳೆಯ ಇನಿಂಗ್ಸ್ ಆಡಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಆ ವಾರದ ರೇಷನ್ ಸಕ್ಕರೆಯನ್ನೆಲ್ಲ ಸುರಿದು ಕೇಕು ಮಾಡಿದಳು. ಜೊತೆಗೆ ಅವಳ ಊರಿನ ಹಾಡು ಬೇರೆ.

ನಮ್ಮಲ್ಲಿ ಆ ಮಾತನ್ನು ಯಾವಾಗ ಆಡುತ್ತಾರೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆಡಬೇಕಾದ್ದು ಆಡಿ ಆಯಿತು, ಇನ್ನು ಹೊರಡುವ ಹೊತ್ತು ಎಂದು. ನಾನು ಒಂದು ಚೂರು ಕೇಕು ತಿಂದೆ. ಆಮೇಲೆ ಹೇಳಿದೆ.

ಅವಳು ಚಾಕು ಕೆಳಗಿಟ್ಟಳು. “ಹಾಗಿದ್ರೆ ಸಾಯ್ತಾರೆ ಅಂತ ಬಾಯಿಬಿಟ್ಟು ಹೇಳೋಕೇನು ದಾಡಿ ಈ ಡಾಕ್ಟರಿಗೆ? ಸಾವೂ ಆಟಾನಾ ನಿಮಗೆ?” ಎಂದಳು.

ಬಾಯಿಬಿಟ್ಟರೆ ಬಣ್ಣಗೇಡು ಎನ್ನುವ ಜನ ನಾವು. ಅದರಲ್ಲೂ ನಿಮ್ಮಪ್ಪ! ಕ್ಲಬ್ಬಿನಲ್ಲಿ ಟೀ ಹಂಚುತ್ತಿದ್ದ ನನ್ನನ್ನು ಮದುವೆಗೆ ಕೇಳಿದ್ದು ಹೇಗೆ ಗೊತ್ತೇ? “ಎಡಿತ್, ಆ ತುದೀಲಿ ನೀನು ನಿಂತ್ಕೋತೀಯಾ?” ಅಷ್ಟೇ. ಜೊತೆಗಾರ ಬ್ಯಾಟ್ಸ್‌ಮನ್ನನ್ನು ಕೇಳಿದ ಹಾಗೆ. ನಾನೂ “ರನ್ ಔಟ್ ಮಾಡಿಸಲ್ಲ ತಾನೆ?” ಎಂದೆ. ಮದುವೆ ನಿಶ್ಚಯವಾಯಿತು.

ಮೊದಲ ಯುದ್ಧದಿಂದ ಬಂದ ಮೇಲೆ ಸೇನೆಯ ಮಾತುಗಳೂ ಸೇರಿಕೊಂಡವು. ನಮ್ಮ ಬಟ್ಟೆ ಒಣಹಾಕುವ ಹಗ್ಗಕ್ಕೂ ಪಕ್ಕದ ಮನೆಯಾಕೆ ಎಂಟ್ವಿಸಲ್‌ಳ ಗೋಡೆಗೂ ನಡುವಿನ ಮೊಳದಗಲ ಜಾಗ, ಎರಡು ಸೇನೆಗಳ ನಡುವಿನ ಬಯಲಿನ ಹಾಗೆ, ‘ಯಾರದ್ದೂ ಅಲ್ಲದ ನೆಲ’. ನಾನು ಮನೆ ತೊಳೆಯಲು ನಿಂತರೆ “ಪಡೆ ಹಿಂದಕ್ಕೆ ಸರೀತಿದೆ” ಎಂದು ಕ್ಲಬ್ಬಿಗೆ ಪರಾರಿ. ಯುದ್ಧದಲ್ಲಿ ನಿಜವಾಗಿ ಏನಾಯಿತೆಂದು ಮಾತ್ರ ಒಂದು ದಿನವೂ ಬಾಯಿಬಿಡಲಿಲ್ಲ. ಎಲ್ಲರೂ ಅವರನ್ನು ತಮಾಷೆಯ ಮನುಷ್ಯ ಅಂದುಕೊಂಡಿದ್ದರು.

ನನಗೆ ಮಾತ್ರ ಅವರ ಒಂದೊಂದು ಮಾತಿನ ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತಿತ್ತು. ಅವರ ಮಿಲ್ಲು ಮುಚ್ಚಿದ ವರ್ಷ, ನೀನಾಗ ಚಿಕ್ಕವ, ಬಾಗಿಲ ಮೆಟ್ಟಿಲ ಮೇಲೆ ಕೂತು “ಬೆಳಕು ಸಾಲ್ದು ಕಣೇ” ಎಂದರು. ಚೆಂಡು ಕಾಣದಾದಾಗ ಬ್ಯಾಟ್ಸ್‌ಮನ್ ಅಂಪೈರಿಗೆ ಹೇಳುವ ಮಾತು. ಹೊರಗೆ ಸುಡುಬಿಸಿಲು. ಹೆದರಿದ್ದಾರೆ ಎಂದು ತಿಳಿಯಿತು. ಕೆಲಸ ಬಿಟ್ಟು ಹೋಗಿ ಪಕ್ಕದಲ್ಲಿ ಕೂತೆ. ನಮ್ಮ ಸಂಸಾರ ನಡೆದದ್ದೇ ಹೀಗೆ.

ಮಣ್ಣಿನ ದಿನ ಎಂಟ್ವಿಸಲ್ ತಟ್ಟೆ ತುಂಬಿಕೊಂಡು ಬಂದು, “ಏನೇ ಹೇಳು ಎಡಿತ್, ನಿನ್ನ ಗಂಡ ಎನಾಕ್ ಒಳ್ಳೇ ಇನಿಂಗ್ಸ್ ಆಡಿದ ಬಿಡು” ಎಂದಳು. ನಾನು ತಲೆಯಾಡಿಸುವಷ್ಟರಲ್ಲಿ ಅಸ್ಸುಂತಾ, “ಇಲ್ಲ, ಸತ್ತುಹೋದ್ರು” ಎಂದಳು. ಎಂಟ್ವಿಸಲ್ ಮುಖ ನೋಡಬೇಕಿತ್ತು ನೀನು. ನನಗೆ ನಗು ಬಂತು, ಹಿಂದೆಯೇ ಅಳು ಬಂತು. ನಾಲ್ಕು ಜನರ ಎದುರಿಗೇ ಅತ್ತೆ.

ನೀನೂ ಅಪ್ಪನ ಮಗನೇ. ‘ಕೋಟೆ ಕಾಯುತ್ತಿದ್ದೇವೆ’ ಎಂದು ಒಂದು ಸಾಲು ಗೀಚಿ ಕಳಿಸುತ್ತೀ. ಹೊಟ್ಟೆ ಕೆಟ್ಟಿದೆಯೋ, ಗುಂಡು ತಗುಲಿದೆಯೋ, ನಾನು ಊಹಿಸಿಕೊಂಡು ಕೂರಬೇಕು. ಹೆಂಡತಿಗೆ ಬರೆಯುವಾಗಲಾದರೂ ನೆಟ್ಟಗೆ ಬರೆ. ಕಾಲಿಗೆ ಒಣ ಕಾಲುಚೀಲ ಹಾಕಿಕೋ. ದೇವರು ನಿನ್ನನ್ನು ಇಡಿಯಾಗಿ ಮನೆಗೆ ತಲುಪಿಸಲಿ.

ನಿನ್ನ ಅಮ್ಮ,
ಎಡಿತ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೋಗುವ ಹಿಂದಿನ ದಿನ ಮಧ್ಯಾಹ್ನ ನಿಮ್ಮಪ್ಪ ನನ್ನ ಕಡೆ ತಿರುಗಿ, “ಬೆಳಕು ಸಾಲ್ದು ಕಣೇ” ಎಂದರು. ನನ್ನ ಕಣ್ಣೆಲ್ಲ ಗಡಿಯಾರದ ಮೇಲಿತ್ತು, ಬಸ್ಸಿಗೆ ಹೊತ್ತಾಗಿತ್ತು. ಎದ್ದು ಕಿಟಕಿಯ ಪರದೆ ಸರಿಸಿದೆ. “ಈಗ ಸರಿಯಾಯ್ತಾ?” ಎಂದೆ. “ಆಯ್ತು” ಎಂದರು. ನಾನು ಹೊರಟು ಬಂದೆ.

ಸಂಜೆ ಅಸ್ಸುಂತಾಗೂ ಅದನ್ನೇ ಹೇಳಿದರಂತೆ. “ನಂಗೆ ಅರ್ಥ ಆಗಲ್ಲ ಅಪ್ಪಾ, ಸರಿಯಾಗಿ ಹೇಳಿ” ಎಂದಳಂತೆ ಇವಳು. ಆಗ ಅಪ್ಪ, “ಹೆದರಿಕೆ ಆಗ್ತಿದೆ ಮಗಳೇ, ಕೈ ಹಿಡ್ಕೋ” ಎಂದರಂತೆ. ನೋಡಲು ಬಂದವರು ಹೊರಡಬೇಕೆಂದು ಆಸ್ಪತ್ರೆಯ ಗಂಟೆ ಹೊಡೆಯುವ ತನಕ ಹಿಡಿದುಕೊಂಡಿದ್ದಳು.

ನಿನ್ನೆ ಪಾತ್ರೆ ಒರೆಸುತ್ತಾ ಈ ಮಾತು ತೆಗೆದಳು. “ನಿಮಗೂ ಹೇಳಿರ್ತಾರೆ ಅಂದ್ಕೊಂಡಿದ್ದೆ, ಅಮ್ಮಾ” ಎಂದಳು.

ಹೇಳಿದ್ದರು ಕ್ಲೆಮ್. ನನಗೇ ಮೊದಲು ಹೇಳಿದ್ದರು.