ಹೆಚ್ಚಾದ ಒಂದು ಚೀಟಿ

ಹೆಡ್‌ಮೇಡಂ ಅವರಿಗೆ, ಗಂಟೆ ಹೊಡೆಯೋ ತಾತನ ನಮಸ್ಕಾರ.

ನಿಮ್ಮ ಕುರ್ಚಿ ಕೆಳಗೆ ಹಾವಿದೆ, ಕಾಲು ಮೇಲೆತ್ತಿ! ಎತ್ತಿದ್ರಾ? ಹಾವೂ ಇಲ್ಲ, ಹುಳಾನೂ ಇಲ್ಲ. ನನ್ನ ಕಾಗದ ಅಂದ್ರೆ ಓದದೆ ಬದಿಗಿಡ್ತೀರಿ ಅಂತ ಹಾಗೆ ಬರೆದೆ, ತಪ್ಪಾಯ್ತು.

ವಿಷಯ ನನ್ನ ಮೊಮ್ಮಗಳದ್ದು. ಕ್ಲಾಸ್ ಲೀಡರ್ ಚುನಾವಣೇಲಿ ಒಂದೇ ಓಟಿಂದ ಗೆದ್ದಳು. ಚಪ್ಪಾಳೆ ನಿಲ್ಲೋ ಮೊದಲೇ ಅವಳೇ ಎದ್ದು, "ಮೇಡಂ, ನಾವು ನಲವತ್ತು ಜನ, ಚೀಟಿ ನಲವತ್ತೊಂದಿದೆ. ಮತ್ತೆ ಓಟು ಹಾಕ್ಸಿ" ಅಂದಳು. ನೀವು ಅವಳನ್ನೇ ಕಳ್ಳಿ ಅಂದ್ರಿ. ನಾಳೆ ಪ್ರಾರ್ಥನೇಲಿ ಎಲ್ಲರೆದುರು ಕ್ಷಮೆ ಕೇಳದಿದ್ರೆ ಟಿ.ಸಿ. ಕೊಟ್ಟು ಕಳಿಸ್ತೀನಿ ಅಂದ್ರಿ.

ಅವಳು ಕ್ಷಮೆ ಕೇಳಲ್ಲ. "ತಪ್ಪು ಕಂಡ್ರೆ ಎದ್ದು ನಿಂತು ಹೇಳಿ ಅಂತ ಪಾಠ ಮಾಡಿದ್ದು ಅವರೇ ಅಲ್ವಾ ತಾತ?" ಅಂತಾಳೆ.

ದಯವಿಟ್ಟು ಟಿ.ಸಿ. ಬರೀಬೇಡಿ. ಚುನಾವಣೆ ಮತ್ತೆ ಮಾಡಿ, ಓಟಿನ ಪೆಟ್ಟಿಗೆ ಕಾಯೋಕೆ ಈ ಸಲ ಬೇರೆ ಯಾರನ್ನಾದ್ರೂ ಕೂರಿಸಿ. ಮೊನ್ನೆ ನೀವು ಟೀ ಕುಡಿಯೋಕೆ ಹೋದಾಗ ಅವಳ ಹೆಸರು ಬರೆದು ಚೀಟಿ ಹಾಕಿದ್ದು ನಾನು. ತಮಾಷೆಗಲ್ಲ, ಅವಳು ಗೆಲ್ಲಲಿ ಅಂತ. ನಾಳೆ ಎಲ್ಲರೆದುರು ನಾನೇ ಹೇಳ್ತೀನಿ. ಅವಳಿಗೆ ಮಾತ್ರ ಇನ್ನೂ ಹೇಳೋಕಾಗಿಲ್ಲ.

ಇಂತಿ,
ಪೆಟ್ಟಿಗೆ ಕಾದವನು